ಸಾವಕಾರರ ಕಾರು ನಿಲ್ಲಬೇಕಿತ್ತು

ಅಗರಬತ್ತಿಯಷ್ಟು ದಪ್ಪದ ತವರದ ಕಡ್ಡಿಯ ತುದಿಯನ್ನು ಬ್ರೇಕ್ ಡಿಸ್ಕಿನ ಅಂಚಿಗೆ ಒತ್ತಿ ಹಿಡಿದೆ. ಎರಡು ಎಣಿಸುವಷ್ಟರಲ್ಲಿ ಅದು ಕರಗಿ, ಅಂಚಿನ ಮೇಲೆ ಬೆಳ್ಳಿಯ ಎಳೆಯಂಥ ಗೆರೆ ಮೂಡಿತು. ಆಮೇಲೆ ಸೀಸದ ಕಡ್ಡಿ ಒತ್ತಿದೆ. ಹತ್ತು ಎಣಿಸಿದರೂ ಕರಗಲಿಲ್ಲ. ತವರ ಕರಗುವುದು ಇನ್ನೂರ ಮೂವತ್ತೆರಡು ಡಿಗ್ರಿಗೆ, ಸೀಸ ಮುನ್ನೂರ ಇಪ್ಪತ್ತೇಳಕ್ಕೆ. ಡಿಸ್ಕಿನ ಬಿಸಿ ಇವೆರಡರ ನಡುವೆ ಇದೆ ಎಂದು ವಹಿಯಲ್ಲಿ ಬರೆದುಕೊಂಡೆ. ಭಯ ಸ್ವಲ್ಪ ಇತ್ತು, ಉತ್ಸಾಹವೇ ಹೆಚ್ಚು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕಾರಿನ ಮೂತಿ ಬಿದಿರು ಮೆಳೆಯೊಳಗೆ ಅರ್ಧ ಹೊಕ್ಕಿತ್ತು. ಕುಂಬಾರವಾಡದ ಆಚೆಯ ಘಟ್ಟವನ್ನು ಅದು ಮೂರನೆಯ ಸಲ ಇಳಿಯುವಾಗ ಕೊನೆಯ ತಿರುವಿನಲ್ಲಿ ಬ್ರೇಕು ಕೈಕೊಟ್ಟಿತ್ತು. ಓಡಿಸುತ್ತಿದ್ದ ಸಾವಕಾರರು ಗೇರು ಇಳಿಸಿ, ಕೈಬ್ರೇಕು ಎಳೆದು, ಕಣಿವೆಯ ಬದಿ ಬಿಟ್ಟು ಮೆಳೆಯ ಬದಿಗೆ ತಿರುಗಿಸಿದ್ದರು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಗಂಗಕ್ಕ ಇಳಿದು, ಸೀರೆಗೆ ಸಿಕ್ಕಿದ ಬಿದಿರಿನ ಎಲೆ ಒಂದೊಂದಾಗಿ ತೆಗೆಯುತ್ತ ಕಲ್ಲಿನ ಮೇಲೆ ಕೂತರು.

"ಇನ್ನ ಮ್ಯಾಲೆ ನೀವು ಓಡಿಸ್ರಿ, ನಾ ನಡಕೋತ ಬರ್ತೇನಿ. ನಾನ ಮೊದಲ ಮುಟ್ಟತೇನಿ," ಎಂದರು.

ಸಾವಕಾರರು ನನ್ನ ಕಡೆ ತಿರುಗಿದರು. "ಏನಾತ್ ತಂಗಿ ಇದು?"

"ಬ್ರೇಕ್ ಹೆಂಗಾತ್ರಿ?"

"ಹಿಡೀಲಿಲ್ಲ."

ಹಿಡಿಯಲಿಲ್ಲ ಎಂದೇ ಬರೆದೆ. ಆ ಒಂದು ಮಾತಿನ ಮುಂದೆ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ. ನನ್ನ ವೃತ್ತಿಜೀವನದ ದೊಡ್ಡ ತಪ್ಪುಗಳಲ್ಲಿ ಅದನ್ನು ಮೊದಲನೆಯದೆಂದು ಎಣಿಸುತ್ತೇನೆ.

ನಿವೃತ್ತಿಯಾಗುವವರೆಗೆ ನಾನು ಮಾಡಿದ್ದೆಲ್ಲ ಬ್ರೇಕಿನ ಕೆಲಸವೇ. ಎಲ್ಲಿಂದ ಎಲ್ಲಿಗೆ ಏರಿದೆ ಎಂಬುದು ಓದುವವರಿಗೆ ಬೇಕಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರ ಮುಂದೆ ಒಳ್ಳೆಯ ಯಂತ್ರಗಳಿವೆ. ಚಕ್ರದ ಬಿಸಿ ಅಂಕಿಯಾಗಿ ತಾನೇ ಕಾಣುತ್ತದೆ. ನಮ್ಮ ಹತ್ತಿರ ಕಲಾಯಿಯವನಿಂದ ತಂದ ತವರ ಇತ್ತು, ಹಳೆಯ ಬ್ಯಾಟರಿಯಿಂದ ಬಿಡಿಸಿದ ಸೀಸ ಇತ್ತು, ನನ್ನ ಹೆಜ್ಜೆಗಳಿದ್ದವು. ಅಷ್ಟರಲ್ಲೇ ತಿಳಿದುಕೊಳ್ಳಬೇಕಿತ್ತು. ತಿಳಿದಾಗ ಆಗುವ ಸಂತೋಷ ಮಾತ್ರ ಇಂದಿಗೂ ಅದೇ ಇರಬೇಕು.

ಧಾರವಾಡದಲ್ಲಿ ಭೌತಶಾಸ್ತ್ರದ ಪದವಿ ಮುಗಿಸಿ ದಾಂಡೇಲಿಗೆ ಬಂದೆ. ತಂದೆ ಕಾಗದದ ಕಾರ್ಖಾನೆಯಲ್ಲಿದ್ದರು. ಸುಪಾ ಕಡೆಯ ಅಡವಿಯಿಂದ ಆ ಕಾರ್ಖಾನೆಗೆ ಬಿದಿರು ತರುತ್ತಿದ್ದ ಲಾರಿಗಳಲ್ಲಿ ಹದಿನಾಲ್ಕು ಹಳಿಯಾಳದ ವಿರೂಪಾಕ್ಷಪ್ಪ ಸಾವಕಾರರವು. ಅವುಗಳ ದುರಸ್ತಿಗೆ ದಾಂಡೇಲಿಯಲ್ಲಿ ಅವರದೇ ಗ್ಯಾರೇಜಿತ್ತು. ಯಾವ ಲಾರಿಗೆ ಯಾವ ಬ್ರೇಕ್ ಲೈನಿಂಗ್ ಎಷ್ಟು ಮೈಲಿ ಬಂತು ಎಂದು ಬರೆದಿಡಲು ಅವರಿಗೆ ಒಬ್ಬರು ಬೇಕಾಗಿದ್ದರು. ಹುಡುಗಿ ಎಂದು ಎರಡು ದಿನ ಅನುಮಾನಿಸಿ, ಮೂರನೆಯ ದಿನ ಒಂದು ಮೇಜು ಕೊಟ್ಟರು.

ಗ್ಯಾರೇಜಿನ ಮಿಸ್ತ್ರಿ ಇಮಾಮಸಾಬರು. ಅರವತ್ತರ ಹತ್ತಿರದ ವಯಸ್ಸು, ಕಿವಿಯ ಹಿಂದೆ ಸದಾ ಒಂದು ತಂತಿಯ ತುಂಡು. ಎಂಜಿನ್ನಿನ ಸದ್ದು ಕೇಳಿ ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ಆದರೆ ಲಾರಿಯ ಕ್ಯಾಬಿನ್ನಿಗೆ ನಾನು ಕಾಲಿಡುವುದು ಅವರಿಗೆ ಸರಿಬರುತ್ತಿರಲಿಲ್ಲ. "ನೀ ಬರಕೋ. ತುಳ್ಯಾಕ ಮಂದಿ ಅದಾರ," ಎನ್ನುತ್ತಿದ್ದರು.

ಮೊದಲ ವರ್ಷ ನಾನು ಕಂಡುಹಿಡಿದದ್ದು ನೀರಿನ ವಿಷಯ. ಬಿದಿರು ಹೇರಿದ ಲಾರಿ ಇಳಿಜಾರು ಮುಗಿಸಿ ಹಳ್ಳದ ಹತ್ತಿರ ಬಂದಾಗ ಚಾಲಕರೆಲ್ಲ ನಿಲ್ಲಿಸಿ, ಬಕೆಟಿನಿಂದ ಚಕ್ರಗಳಿಗೆ ನೀರು ಎರಚುತ್ತಿದ್ದರು. ಸುಂಯ್ ಎಂದರೆ ಬ್ರೇಕು ಬಿಸಿ, ಸದ್ದು ನಿಂತರೆ ಹೊರಡಬಹುದು. ಅದು ಅವರ ಪದ್ಧತಿ, ಒಂದು ರೀತಿಯಲ್ಲಿ ಅವರ ಥರ್ಮಾಮೀಟರು. ನನ್ನ ಪುಸ್ತಕದಲ್ಲಿ ಮಾತ್ರ ಘಟ್ಟದ ಲಾರಿಗಳ ಚಕ್ರದೊಳಗಿನ ಬ್ರೇಕ್ ಡ್ರಮ್ಮುಗಳು ಸಾಲುಸಾಲಾಗಿ ಸೀಳುತ್ತಿದ್ದವು, ಮುಂಡಗೋಡ ಕಡೆಯ ಬಯಲಿನಲ್ಲಿ ಓಡುವ ಲಾರಿಗಳದು ಸೀಳುತ್ತಿರಲಿಲ್ಲ. ಕಾದ ಬೀಡುಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ ಎಂದು ಹೇಳಿದೆ. ಪರಶುರಾಮ ಎಂಬ ಚಾಲಕ ಮೀಸೆಯಲ್ಲೇ ನಕ್ಕ.

"ಅಕ್ಕಾರ, ಕಾಲೇಜಿನಾಗ ಡ್ರಮ್ಮಿಗೆ ಏನ್ ಎರಿಯಾಕ ಕಲಿಸ್ಯಾರ? ಚಾ?"

"ಏನೂ ಎರೀಬ್ಯಾಡ್ರಿ. ಕೂತು ನೀವು ಚಾ ಕುಡೀರಿ. ಅಷ್ಟರಾಗ ಅದು ಆರತೈತಿ."

ಚಹಾ ಕುಡಿಯಲು ಹೇಳಿದ ಮೇಲಿನವರು ಅವರಿಗೆ ಅದುವರೆಗೆ ಸಿಕ್ಕಿರಲಿಲ್ಲ. ನೀರು ನಿಂತಿತು, ಡ್ರಮ್ಮು ಸೀಳುವುದೂ ನಿಂತಿತು. ಅಂದಿನಿಂದ ಸಾವಕಾರರು ಬ್ರೇಕಿನ ಮಾತು ಬಂದರೆ ನನ್ನನ್ನು ಕರೆಸತೊಡಗಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಾರು ಬಂತು. ಗೋವಾ ಬಿಟ್ಟುಹೋದ ಯಾರದೋ ಇಂಗ್ಲಿಷ್ ಕಾರು. ಎರಡೇ ಸೀಟು, ಉದ್ದನೆಯ ಮೂತಿ, ಸೈಕಲ್ಲಿನಂತೆ ತಂತಿ ಕಡ್ಡಿಗಳ ಚಕ್ರ. ನೋಡಲು ಹಗುರ, ಜ್ಯಾಕ್ ಏರಿಸಿದಾಗ ತೂಕ ಗೊತ್ತಾಯಿತು. ಹಿಂದೆ ಮಾಮೂಲಿ ಡ್ರಮ್ಮು, ಮುಂದೆ ಮಾತ್ರ ಡಿಸ್ಕ್: ಚಕ್ರದ ಜೊತೆ ತಿರುಗುವ ಒಂದು ಕಬ್ಬಿಣದ ತಟ್ಟೆ, ಅದನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಎರಡು ಪ್ಯಾಡು. ನಾವ್ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಇಮಾಮಸಾಬರು ಚಕ್ರ ಕಳಚಿ, ಕುಕ್ಕುರುಗಾಲಿನಲ್ಲಿ ಕೂತು, ಬಹಳ ಹೊತ್ತು ಅದನ್ನೇ ನೋಡಿದರು. "ಇದಕ್ಕ ಲಂಗೋಟಿ ಸೈತ ಇಲ್ಲ, ಎಲ್ಲಾ ಬಯಲಾಗ ಐತಿ," ಎಂದರು. ಪ್ಯಾಡು ಬಿಚ್ಚಿ ಹಾಕುವುದನ್ನು ಒಂದೇ ದಿನದಲ್ಲಿ ಕಲಿತರು.

ಕಾರಿನ ಜೊತೆ ಬಂದ ಪೆಟ್ಟಿಗೆಯಲ್ಲಿ ಎರಡು ಸೀಲು ಮಾಡಿದ ಡಬ್ಬಿಗಳೂ ಮೂರು ಜೊತೆ ಪ್ಯಾಡುಗಳೂ ಇದ್ದವು. ಪ್ಯಾಡುಗಳಲ್ಲಿ ಒಂದರ ಬೆನ್ನಿಗೆ ಕೆಂಪು ಬಣ್ಣ, ಒಂದಕ್ಕೆ ಬೂದು, ಒಂದಕ್ಕೆ ಕಪ್ಪು. ಯಾವುದು ಏತಕ್ಕೆ ಎಂದು ತಿಳಿಸುವ ಒಂದು ಚೀಟಿಯೂ ಇರಲಿಲ್ಲ. ಬೆಳಗಾವಿ ಕಡೆ ಯುದ್ಧಕಾಲದಲ್ಲಿ ಹಾಕಿ ಕೈಬಿಟ್ಟ ವಿಮಾನದ ಓಡುದಾರಿಯಲ್ಲಿ ಕೆಲವರು ಸೇರಿ ಕಾರಿನ ಪಂದ್ಯ ಇಟ್ಟಿದ್ದರು. ಸಾವಕಾರರು ಹೆಸರು ಕೊಟ್ಟು ಬಂದರು. ಒಂದು ವಾರದ ಸಮಯವಿತ್ತು.

"ಓಡುದಾರಿ ಕಡೀಕ ಒಂದ್ ತಿರುವು ಐತಿ," ಎಂದು ಮೇಜಿನ ಮೇಲೆ ಬೆರಳಿನಿಂದ ಗೀಚಿ ತೋರಿಸಿದರು. "ನೂರು ಮೈಲಿ ವೇಗದಿಂದ ಮೂವತ್ತಕ್ಕ ಇಳೀಬೇಕು. ತಿರುವಿನ ಆಚೆ ರಸ್ತೆಗೆ ಮುರಮ್ ಮಣ್ಣು ತಗದ ಹೊಂಡ ಐತಿ. ಎರಡಾಳು ಆಳ."

"ಕಾರು ಅಲ್ಲೀತನಾ ಹೆಂಗ ಹೋಗತೈತ್ರಿ?"

"ಹೆಂಗ ಅಂದ್ರ? ಓಡಿಸ್ಕೊಂಡ. ನಾನು ನಿಮ್ಮ ವೈನಿ, ಗಂಡಾ ಹೆಂಡತಿ ಇಬ್ಬರೂ ಹೋಗತೇವಿ, ಹಂಗ ವಾಪಸ್ ಬರತೇವಿ. ನಡುವ ಖಾನಾಪುರ, ಅಳ್ನಾವರ, ನಮ್ಮ ಹಳ್ಯಾಳ ಬಜಾರ. ದನ, ಮಂದಿ, ಚಕ್ಕಡಿ. ಅಲ್ಲೂ ನಿಲ್ಲಬೇಕು, ಇಲ್ಲೂ ನಿಲ್ಲಬೇಕು. ಯಾವ ಪ್ಯಾಡ್ ಅಂತ ನೀ ಹೇಳು. ಸಹಿ ಮಾಡಿ ಕೊಡು."

ನೂರು ಮೈಲಿ ವೇಗದ ಕಾರು ಆ ಹೊಂಡದ ಮುಂದೆ ನಿಲ್ಲುತ್ತದೋ ಇಲ್ಲವೋ ಎಂಬುದು ನನ್ನ ಸಹಿಯ ಮೇಲೆ ನಿಂತಿತು. ಆಗ ನನಗೆ ಇಪ್ಪತ್ತಮೂರು ವರ್ಷ.

ಮೊದಲ ಪರೀಕ್ಷೆ ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ನೇರ ಭಾಗದಲ್ಲಿ, ಬೆಳಗಿನ ಚಳಿಯಲ್ಲಿ. ಸಾವಕಾರರು ನಲವತ್ತು ಮೈಲಿ ವೇಗದಲ್ಲಿ ಬಂದು, ಸುಣ್ಣದ ಗೆರೆ ದಾಟಿದ ಕೂಡಲೇ ಬ್ರೇಕು ಒತ್ತಬೇಕು. ಗೆರೆಯಿಂದ ಕಾರಿನವರೆಗೆ ನಾನು ಹೆಜ್ಜೆ ಎಣಿಸುತ್ತೇನೆ. ಕೆಂಪು ಮೂವತ್ತಾರು ಹೆಜ್ಜೆಗೆ ನಿಂತಿತು. ಬೂದು ಮೂವತ್ತೊಂಬತ್ತು. ಕಪ್ಪು ಹಾಕಿದಾಗ ಕಾರು ನನ್ನನ್ನು ದಾಟಿ, ಸಾಲುಮರಗಳನ್ನು ದಾಟಿ, ಐವತ್ತೆಂಟಕ್ಕೆ ನಿಂತಿತು. "ಇದು ಗಟ್ಟಿಪ್ಯಾಡು, ಕಲ್ಲು," ಎಂದರು ಚಾಚಾ. ಬಿಡದೆ ಹತ್ತು ಸಲ ನಿಲ್ಲಿಸಿ ಬಿಸಿ ಮಾಡಿಸಿದೆ. ಹನ್ನೊಂದನೆಯ ಸಲ ಅದೇ ಕಲ್ಲು ಮೂವತ್ತೈದು ಹೆಜ್ಜೆಗೆ ಹಿಡಿದು ನಿಲ್ಲಿಸಿತು. ಓಡಿಹೋಗಿ ಮತ್ತೊಮ್ಮೆ ಎಣಿಸಿದೆ, ಮೂವತ್ತೈದೇ. ಬಿಸಿಯಾದಂತೆ ಬಲ ಬರುವ ವಸ್ತು ಅದು. ತಣ್ಣಗಿದ್ದಾಗ ಏನೂ ಅಲ್ಲ. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಅದರ ಮರುದಿನವೇ ಕೆಂಪು ಪ್ಯಾಡು ಹಾಕಿ ಘಟ್ಟಕ್ಕೆ ಹೋದದ್ದು. ಕೆಂಪು ಮೂರನೆಯ ಇಳಿತಕ್ಕೆ ಸೋತು, ಕಾರು ಬಿದಿರು ಮೆಳೆಗೆ ನುಗ್ಗಿದ್ದನ್ನು ಆಗಲೇ ಹೇಳಿದೆ. ಅರ್ಧ ಗಂಟೆ ಕಾದ ಮೇಲೆ ಬ್ರೇಕು ಮತ್ತೆ ಸರಿಯಾಗಿತ್ತು. ಪ್ಯಾಡು ಆರಿತು, ಹಿಡಿಯಿತು ಎಂದುಕೊಂಡೆವು.

ಗ್ಯಾರೇಜಿನಲ್ಲಿ ಚಾಚಾ ಮುಂದಿನ ಪರೀಕ್ಷೆಗೆಂದು ಕೆಂಪು ಬಿಚ್ಚಿ ಕಪ್ಪು ಹಾಕಿಟ್ಟಿದ್ದರು. ಬುಧವಾರ ಸಾವಕಾರರು ಯಾರಿಗೂ ಹೇಳದೆ ಬೆಳಗ್ಗೆಯೇ ಕಾರು ತೆಗೆದುಕೊಂಡು ಮುಂಡಗೋಡಿಗೆ ಹೋದರು. ಅಲ್ಲಿ ಅವರು ಹರಾಜಿನಲ್ಲಿ ಹಿಡಿದ ಒಂದು ಕಟ್ಟಿಗೆಯ ಲಾಟು ಇತ್ತು. ಟಿಬೆಟಿನವರು ಬಂದು ನೆಲೆಸಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಅವರ ಕಾಲೊನಿಯ ಹತ್ತಿರ ಒಬ್ಬ ಮುದುಕ ಗೋವಿನಜೋಳದ ಹೊರೆ ಹೊತ್ತು ರಸ್ತೆ ದಾಟುತ್ತಿದ್ದನಂತೆ. ಕಾರು ನಿಂತದ್ದು ದೀಪದ ಗಾಜು ಹೊರೆಗೆ ತಾಗಿದ ಮೇಲೆ. ಮುದುಕ ಬೀಳಲಿಲ್ಲ. ದೀಪ ಸವರಿ ನೋಡಿ, ನಕ್ಕು, ಎರಡು ತೆನೆ ಕೊಟ್ಟು ಕಳಿಸಿದ. ಸಾವಕಾರರು ಆ ತೆನೆಗಳನ್ನು ನನ್ನ ಮೇಜಿನ ಮೇಲಿಟ್ಟರು.

"ಕಪ್ಪು ಹಾಕೇತಿ ಅಂತ ಹೇಳಬಾರದೇನು?"

"ನೀವು ಒಯ್ತೀರಿ ಅಂತ ಹೇಳಬಾರದೇನ್ರಿ?"

ಚಾಚಾ ಕೆಮ್ಮಿದರು. ನಾನು ಅಷ್ಟು ಮಾತಾಡುವವಳಲ್ಲ. ಸಾವಕಾರರು ಒಂದು ಗಳಿಗೆ ನನ್ನನ್ನು ನೋಡಿ, ತೆನೆ ಸುಡಿಸಲು ಒಳಗೆ ಕಳಿಸಿದರು.

ಗುರುವಾರ ಬೂದು ಹಾಕಿಕೊಂಡು ಮತ್ತೆ ಘಟ್ಟಕ್ಕೆ ಹೋದೆವು. ಎರಡು ಇಳಿತ ಚೆನ್ನಾಗಿ ಆದವು. ಮೂರನೆಯದಕ್ಕೆ ಮುಂಚೆ ಸಾವಕಾರರಿಗೆ ಯಾರೋ ಅಧಿಕಾರಿ ಕಾಯುತ್ತಿದ್ದಾರೆಂದು ಸುದ್ದಿ ಬಂತು. ಎರಡರಲ್ಲಿ ಗೊತ್ತಾಯಿತಲ್ಲ ಎಂದರು. ನಾನೂ ಒಪ್ಪಿದೆ. ಕೆಂಪಿಗೆ ಮೂರು ಇಳಿತ, ಬೂದಿಗೆ ಎರಡು. ಸಮವಲ್ಲದ್ದನ್ನು ಸಮವೆಂದು ಹೋಲಿಸಬಾರದೆಂದು ಕಾಲೇಜಿನ ಮೊದಲ ವರ್ಷದಲ್ಲೇ ಕಲಿಸಿರುತ್ತಾರೆ. ಶುಕ್ರವಾರ ಸಂಜೆ ವಹಿಯಲ್ಲಿ ಬರೆದೆ: ಕೆಂಪು ಬಿಸಿಗೆ ಸೋಲುತ್ತದೆ, ಕಪ್ಪು ಚಳಿಗೆ ಸೋಲುತ್ತದೆ, ಬೂದು ಎರಡಕ್ಕೂ ಸಲ್ಲುತ್ತದೆ. ಕೆಳಗೆ ಸಹಿ ಮಾಡಿದೆ.

ಶನಿವಾರ ಮಧ್ಯಾಹ್ನ ಗಂಗಕ್ಕ ನಮ್ಮನ್ನೆಲ್ಲ ಹಳಿಯಾಳದ ಮನೆಗೆ ಊಟಕ್ಕೆ ಕರೆದಿದ್ದರು. ಮರುದಿನ ಬೆಳಗ್ಗೆ ಅಲ್ಲಿಂದಲೇ ಹೊರಡುವುದು. ಗಂಡಸರು ಪಡಸಾಲೆಯಲ್ಲಿ ಉಂಡೆದ್ದರು. ನಾನು ಅಡಿಗೆಮನೆಯಲ್ಲಿ ಕೂತೆ. ಅಷ್ಟು ದಿನ ಜೊತೆಗಿದ್ದರೂ ನಾನು ಗಂಗಕ್ಕನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಕಾರಿನ ಬಗ್ಗೆ ಅವರನ್ನು ಕೇಳಬೇಕೆಂದು ನನಗೆ ಹೊಳೆದಿರಲೂ ಇಲ್ಲ. ರೊಟ್ಟಿಯ ಮೇಲೆ ಝುಣಕ ಹಾಕುತ್ತ ಅವರೇ ಶುರುಮಾಡಿದರು.

"ಅವತ್ತ ಘಟ್ಟದಾಗ ಇವರ ಮೊಣಕಾಲ ನೋಡಿ ನನ್ನ ಜೀವ ಹಾರಿತ್ ನೋಡು ತಂಗಿ."

"ಮೊಣಕಾಲಿಗೆ ಏನಾಗಿತ್ರಿ ವೈನಿ?"

"ಏನೂ ಆಗಿಲ್ಲ. ಪೂರಾ ಕೆಳಗ ಹೋತು. ಕತ್ತಲ್ಯಾಗ ಮೆಟ್ಟಲ ಐತಿ ಅಂತ ಕಾಲಿಟ್ರ ಇರೂದಿಲ್ಲಲ್ಲ, ಹಂಗ. ಮತ್ತ ಮತ್ತ ತುಳೀತಿದ್ರು, ಹಿಟ್ಟ ತುಳಿದಂಗ. ಮೊದಲಿನೆರಡು ಸಲ ಹಂಗಿರಲಿಲ್ಲ. ಕಾಲು ಗ್ವಾಡಿಗೆ ಒತ್ತಿದಂಗ ಬಿರುಸ ಇತ್ತು."

ಬಾಯಿಗೊಯ್ಯುತ್ತಿದ್ದ ತುತ್ತು ಅಲ್ಲೇ ನಿಂತಿತು. ಪ್ಯಾಡು ಸೋತರೆ ಪೆಡಲು ಗಟ್ಟಿಯಾಗಿಯೇ ಇರುತ್ತದೆ. ಎಷ್ಟೇ ಒತ್ತಿದರೂ ಕಾರು ನಿಲ್ಲುವುದಿಲ್ಲ, ಅಷ್ಟೆ. ಪೆಡಲು ತಳಕ್ಕೆ ಹೋಯಿತೆಂದರೆ ತಪ್ಪು ಪ್ಯಾಡಿನದಲ್ಲ. ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ನಳಿಗೆಯೊಳಗಿನ ಎಣ್ಣೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆ ಎಣ್ಣೆ ಕುದಿದಿತ್ತು. ಆರಿದ ಮೇಲೆ ಆವಿ ಮತ್ತೆ ಎಣ್ಣೆಯಾಗಿ, ಏನೂ ಆಗೇ ಇಲ್ಲವೆಂಬಂತೆ ಬ್ರೇಕು ಮರಳಿತ್ತು. ಬೂದು ಪ್ಯಾಡೂ ಮೂರನೆಯ ಇಳಿತಕ್ಕೆ ಹೋಗಿದ್ದರೆ ಮೆಳೆಯೊಳಗೇ ಇರುತ್ತಿತ್ತು. ನಾಳೆ ಹೊಂಡದ ಮುಂದೆ ಯಾವ ಪ್ಯಾಡು ಹಾಕಿದರೂ ಅದೇ ಗತಿ. ನಾನು ಸಹಿ ಮಾಡಿ ಕೊಟ್ಟಾಗಿತ್ತು.

ಕೈ ತೊಳೆದು ಅಂಗಳಕ್ಕೆ ಬಂದೆ. ಚಾಚಾ ಟಾಯರಿಗೆ ಗಾಳಿ ನೋಡುತ್ತಿದ್ದರು.

"ಚಾಚಾ, ಈ ಗಾಡಿಗೆ ಬ್ರೇಕ್ ಆಯಿಲ್ ಯಾವುದು ಹಾಕೀರಿ?"

"ನಮ್ಮದ."

ನಮ್ಮದು ಎಂದರೆ ಅವರೇ ಬೆರೆಸುವ ಎಣ್ಣೆ. ಗಾಣದ ಔಡಲ ಎಣ್ಣೆಯನ್ನು, ಅಂದರೆ ಹರಳೆಣ್ಣೆಯನ್ನು, ನಾಲ್ಕು ಮಡಿಕೆಯ ಮಲ್ಲು ಬಟ್ಟೆಯಲ್ಲಿ ಸೋಸಿ, ಅಳತೆಯಲ್ಲಿ ಸ್ಪಿರಿಟ್ ಸೇರಿಸಿ, ಸೀಸೆಯಲ್ಲಿ ತುಂಬಿಡುತ್ತಿದ್ದರು. ಹದಿನಾಲ್ಕು ಲಾರಿ ಅದರ ಮೇಲೆಯೇ ಓಡುತ್ತಿದ್ದವು. ಅದು ಅವರಿಗೆ ಹೆಮ್ಮೆಯ ವಸ್ತು. ಅದನ್ನು ಯಾರ ಮುಂದೆಯೂ ಬೆರೆಸುತ್ತಿರಲಿಲ್ಲ.

"ಪೆಟ್ಟಿಗ್ಯಾಗ ಎರಡು ಡಬ್ಬಿ ಬಂದಿದ್ದೂವಲ್ರಿ, ಅದಕ್ಕಂತನ ಕೊಟ್ಟದ್ದು?"

"ಅವನ್ನ ಒಡದಿಲ್ಲ. ಫಾರಿನ್ ಮಾಲು ಬೇಟಿ, ಮತ್ತ ಸಿಗೂದಿಲ್ಲ. ಜ್ವಾಕ್ಯಾಗಿ ಇಟ್ಟೇನಿ."

"ಯಾವಾಗಿಗೆ?"

"ಬೇಕಾದಾಗಿಗೆ."

ನಮ್ಮ ಮನೆಗಳಲ್ಲಿ ಒಳ್ಳೆಯ ಚಾದರವನ್ನು ಪೆಟ್ಟಿಗೆಯಲ್ಲಿಟ್ಟು ಹರಕು ಹೊದ್ದು ಮಲಗುವುದಿಲ್ಲವೇ, ಹಾಗೆ. ಆ ಡಬ್ಬಿಗಳನ್ನು ಕಂಡು ನಾನು ಒಮ್ಮೆಯಾದರೂ ಕೇಳಬಹುದಿತ್ತು. ಪ್ಯಾಡಿನ ಬೆನ್ನಿನ ಬಣ್ಣದಲ್ಲೇ ಮುಳುಗಿದ್ದೆ.

ವಾದ ಮಾಡುವ ಧೈರ್ಯ ನನಗಿರಲಿಲ್ಲ. ಅಡಿಗೆಮನೆಯಿಂದ ಸ್ಟೋವು, ಒಂದು ಪಾತ್ರೆ ನೀರು, ಒಂದು ಸ್ಟೀಲಿನ ಲೋಟ ತಂದೆ. ಲೋಟದಲ್ಲಿ ಚಾಚಾನ ಚೀಲದ ಸೀಸೆಯಿಂದ ಎಣ್ಣೆ ಎರಡು ಬೆರಳು ಹಾಕಿ, ಕುದಿಯುವ ನೀರಿನ ನಡುವೆ ನಿಲ್ಲಿಸಿದೆ. ನೀರು ನೂರು ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಡಿಸ್ಕಿನ ಬಿಸಿ ಅದರ ಎರಡು ಪಟ್ಟಿಗಿಂತ ಹೆಚ್ಚೆಂದು ತವರ ಹೇಳಿತ್ತು. ನಾಲ್ಕೈದು ನಿಮಿಷದಲ್ಲಿ ಲೋಟದ ತಳದಿಂದ ಒಂದು ಗುಳ್ಳೆ ಎದ್ದಿತು. ಆಮೇಲೆ ಹತ್ತು. ಆಮೇಲೆ ಎಣಿಸಲಾಗಲಿಲ್ಲ. ಸ್ಪಿರಿಟ್ಟಿನ ವಾಸನೆ ಅಂಗಳ ತುಂಬಿತು. ಸಾವಕಾರರು, ಗಂಗಕ್ಕ, ಚಾಚಾ ಮೂವರೂ ಬಗ್ಗಿ ಲೋಟದೊಳಗೆ ನೋಡುತ್ತಿದ್ದರು.

ಚಾಚಾ ಸ್ಟೋವು ಆರಿಸಿದರು. ಆಮೇಲೆ ಹೇಳಿದರು: "ನಮ್ಮ ಉಸ್ತಾದರು ಕಲಿಸಿದ್ದು ಇದು."

"ಲಾರಿಗೆ ಇಷ್ಟ ದಿನ ನಡದೈತಿ ಚಾಚಾ. ಈ ಗಾಡಿಯಾಗ ಎಣ್ಣಿ ಬೆಂಕೀ ಮಗ್ಗಲಕ್ಕ ಐತಿ."

ಅವರು ಎದ್ದು ಜ್ಯಾಕ್ ಹಾಕಿದರು. ನಾನು ಸಾವಕಾರರ ಕಡೆ ತಿರುಗಿದೆ. ಈ ಮಾತು ಹೇಳುವುದು ಎಣ್ಣೆ ಕುದಿಸಿ ತೋರಿಸುವುದಕ್ಕಿಂತ ಕಷ್ಟವಾಗಿತ್ತು.

"ಸಾವಕಾರ್ರ, ನಾ ಬರದ್ದು ತಪ್ಪೈತ್ರಿ. ಘಟ್ಟದ ಪರೀಕ್ಷೆ ಲೆಕ್ಕಕ್ಕ ಹಿಡೀಬ್ಯಾಡ್ರಿ. ಯಾವ ಪ್ಯಾಡ್ ಚಲೋ ಅಂತ ನನಗಿನ್ನೂ ಗೊತ್ತಿಲ್ಲ."

"ನಾಳೆ ಪಂದ್ಯಾ ಐತಿ."

"ಕತ್ತಲಾಗಾಕ ಇನ್ನೂ ನಾಕ್ ತಾಸು ಐತ್ರಿ."

ಡಬ್ಬಿಗಳನ್ನೂ ಉಳಿದ ಪ್ಯಾಡುಗಳನ್ನೂ ಲಾರಿ ಚಾಲಕ ಪರಶುರಾಮ ಸೈಕಲ್ ಮೋಟಾರಿನಲ್ಲಿ ದಾಂಡೇಲಿಯಿಂದ ತಂದ. ಚಾಚಾ ಕಾರಿನ ಕೆಳಗೆ ಹೊಕ್ಕರು, ಸಾವಕಾರರು ಪೆಡಲು ತುಳಿದರು. ಹಳೆಯ ಎಣ್ಣೆಯನ್ನೆಲ್ಲ ಹೊರಗೆ ಹಾಯಿಸಿ, ನಳಿಗೆಯ ಗಾಳಿ ತೆಗೆದು, ಹೊಸದನ್ನು ತುಂಬಿದೆವು. ನಾಲ್ಕೂವರೆಗೆ ತೇರಗಾಂವದ ಕಡೆಯ ನೇರ ರಸ್ತೆಯಲ್ಲಿದ್ದೆವು. ಘಟ್ಟಕ್ಕೆ ಹೋಗುವಷ್ಟು ಸಮಯವಿರಲಿಲ್ಲ. ಅದಕ್ಕೆ ಬದಲಾಗಿ ಒಂದೊಂದು ಜೊತೆಗೂ ಹನ್ನೆರಡು ಸಲ, ಅರವತ್ತು ಮೈಲಿ ವೇಗದಿಂದ ಬಿಡದೆ ನಿಲ್ಲಿಸುವುದು, ಹದಿಮೂರನೆಯದನ್ನು ನಲವತ್ತರಿಂದ ನಿಲ್ಲಿಸಿ ಹೆಜ್ಜೆ ಎಣಿಸುವುದು. ಈ ಸಲ ಮೂರಕ್ಕೂ ಒಂದೇ ಅಳತೆ. ಪ್ರತಿ ಸಲವೂ ಕಾಲಿಗೆ ಹೇಗಿತ್ತು ಎಂದು ಕೇಳಿ ಬರೆದುಕೊಂಡೆ.

ಹೊಲದಿಂದ ಬರುತ್ತಿದ್ದವರು ಬದುವಿನ ಮೇಲೆ ಸಾಲಾಗಿ ಕೂತರು.

"ಏನ್ ನಡಸ್ಯಾರವಾ ಇದು?" ಎಂದು ಒಬ್ಬ ಹೆಂಗಸು ಗಂಗಕ್ಕನನ್ನು ಕೇಳಿದಳು.

"ಗಾಡಿ ನಿಲ್ಲಸಾಕ ಕಲ್ಯಾಕತ್ತಾರ."

"ಓಡಸಾಕ ಬರತೈತೇನು?"

"ಅದೂ ಅಷ್ಟಕ್ಕಷ್ಟ," ಎಂದರು ಗಂಗಕ್ಕ. ಬದುವಿನ ತುಂಬ ನಗು.

ಕೆಂಪು ಒಂಬತ್ತನೆಯ ಸಲಕ್ಕೆ ಹೊಗೆಯಾಡಿತು. ಸೀಸವೂ ಕರಗಿತು. ಹದಿಮೂರನೆಯದಕ್ಕೆ ಎಪ್ಪತ್ತೊಂದು ಹೆಜ್ಜೆ. "ಕಾಲಿಗೆ?" ಎಂದೆ. "ಗ್ವಾಡಿ. ಆದ್ರ ನಿಲ್ಲವಲ್ದು," ಎಂದರು ಸಾವಕಾರರು. ಈಗ ಅದು ನಿಜವಾಗಿ ಪ್ಯಾಡಿನ ಸೋಲು. ಬೂದು ನಲವತ್ತೇಳು. ಕಪ್ಪು ಮೂವತ್ಮೂರು. ಮೂರರಲ್ಲೂ ಪೆಡಲು ಒಮ್ಮೆಯೂ ಇಳಿಯಲಿಲ್ಲ. ರಸ್ತೆಯ ಮೇಲೆ ಹೆಜ್ಜೆ ಹಾಕುತ್ತ ಮೂವತ್ತೊಂದು, ಮೂವತ್ತೆರಡು ಎಂದು ಎಣಿಸುವಾಗ ನನ್ನ ದನಿ ಏರಿತ್ತೆಂದು ಆಮೇಲೆ ಪರಶುರಾಮ ಹೇಳಿದ. ನನಗೆ ನೆನಪಿಲ್ಲ.

ಒಂದೇ ಪ್ಯಾಡು ಎರಡೂ ಕಡೆಗೆ ಸಲ್ಲುವುದಿಲ್ಲ ಎಂದು ಹೇಳಿದೆ. ಬೂದು ಹಾಕಿಕೊಂಡು ಹೋಗಬೇಕು, ಅಲ್ಲಿ ಬಿಚ್ಚಿ ಕಪ್ಪು ಹಾಕಬೇಕು, ಎರಡು ಸುತ್ತು ನಿಧಾನಕ್ಕೆ ಬ್ರೇಕು ಒತ್ತುತ್ತಲೇ ಓಡಿಸಿ ಬಿಸಿ ಮಾಡಬೇಕು. ವಾಪಸು ಬರುವ ಮುಂಚೆ ಮತ್ತೆ ಬೂದು. ಸಾವಕಾರರಿಗೆ ಮೊದಲ ಎರಡು ಮಾತು ರುಚಿಸಿದವು, ಕೊನೆಯದಕ್ಕೆ ಹೂಂಗುಟ್ಟಿ ಸುಮ್ಮನಾದರು. ಆ ಹೂಂಗುಟ್ಟುವಿಕೆಯ ಮೇಲೆ ನನಗೆ ನಂಬಿಕೆಯಿರಲಿಲ್ಲ.

ಪಂದ್ಯದ ವಿಷಯ ಹೆಚ್ಚು ಬರೆಯುವುದಿಲ್ಲ. ಆರು ಕಾರು ಇದ್ದವು. ಚಾಚಾ ಮತ್ತು ನಾನು ತಿರುವಿಗೆ ಹತ್ತಿರ, ಹೊಂಡದ ಈಚೆ ನಿಂತಿದ್ದೆವು. ಮೊದಲು ಸದ್ದು ಬಂತು, ಆಮೇಲೆ ಕಾರು. ನೂರು ಮೈಲಿ ವೇಗದಲ್ಲಿ ಒಂದು ವಸ್ತು ನೇರವಾಗಿ ನಮ್ಮ ಕಡೆ ಬರುವಾಗ ಅದು ಬರುತ್ತಿದೆ ಎಂದು ಅನಿಸುವುದಿಲ್ಲ, ದೊಡ್ಡದಾಗುತ್ತಿದೆ ಎಂದು ಅನಿಸುತ್ತದೆ. ತಿರುವಿನ ಗುರುತಿಗೆ ಇಟ್ಟ ಡಾಂಬರು ಪೀಪಾಯಿಗಳ ಹತ್ತಿರ ಮೂತಿ ಒಮ್ಮೆಲೇ ನೆಲಕ್ಕೆ ಬಾಗಿತು. ಹಿಡಿಯಿತು. ತಿರುಗಿತು. ಹೋಯಿತು. ಚಾಚಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಎರಡನೆಯ ಸುತ್ತಿನಲ್ಲಿ ಸಾವಕಾರರು ಇನ್ನೂ ತಡವಾಗಿ ಒತ್ತಿದರು, ನಾಲ್ಕನೆಯದರಲ್ಲಿ ಮತ್ತೂ ತಡವಾಗಿ. ತಂತಿ ಕಡ್ಡಿಗಳ ನಡುವೆ ಡಿಸ್ಕು ಹಗಲಿನಲ್ಲೂ ಮಸುಕು ಕೆಂಪಾಗಿ ಕಾಣುತ್ತಿತ್ತು. ಹತ್ತು ಸುತ್ತಿನಲ್ಲಿ ಒಮ್ಮೆಯೂ ಅವರ ಮೊಣಕಾಲು ಮೋಸ ಹೋಗಲಿಲ್ಲ. ಎರಡನೆಯವರಾಗಿ ಬಂದರು. ನನ್ನ ಪಾಲಿಗೆ ಮೊದಲನೆಯವರು ಯಾರೆಂಬುದು ಮುಖ್ಯವೇ ಆಗಿರಲಿಲ್ಲ.

ಹಾರ ಹಾಕಿಸಿಕೊಂಡು, ಹಾರದ ಸಮೇತ ಕಾರಿನಲ್ಲಿ ಕೂತು ಸಾವಕಾರರು ಎಂಜಿನ್ ಚಾಲೂ ಮಾಡಿದರು. "ಹತ್ತು ಹತ್ತು, ಹೋಗೂಣು. ಊರಾಗ ಮಂದಿ ಕಾಯಾಕತ್ತಾರ," ಎಂದರು ಹೆಂಡತಿಗೆ.

ನಾನು ಕಾರಿನ ಮುಂದೆ ಹೋಗಿ ನಿಂತೆ. "ಪ್ಯಾಡ್ ಬದಲಿ ಮಾಡಬೇಕ್ರಿ."

"ಈಗ ಇಷ್ಟು ಬಿಸಿ ಐತಲ್ಲ, ಹಿಂಗ ಹೋಗತೇವಿ. ಇದರಷ್ಟ ಚಲೋ ಬ್ರೇಕು ನಾ ನೋಡೇ ಇಲ್ಲ."

"ಹತ್ತು ಮೈಲಿಗೆ ಆರತೈತ್ರಿ. ಖಾನಾಪುರ ಬಜಾರದಾಗ ಐವತ್ತೆಂಟು ಹೆಜ್ಜಿ. ಸಂತ್ಯಾಗ ಐವತ್ತೆಂಟು ಹೆಜ್ಜಿ ಜಾಗಾ ಎಲ್ಲೈತ್ರಿ?"

"ಬಾಜೂಕ ಸರಿ ತಂಗಿ."

"ಸರಿಯೂದಿಲ್ರಿ."

ಅವರ ಮುಖ ಬಿಗಿಯಿತು. ಸುತ್ತ ಹತ್ತಿಪ್ಪತ್ತು ಜನ ನೋಡುತ್ತಿದ್ದರು. ಕೆಲಸ ಹೋಯಿತೆಂದೇ ತಿಳಿದೆ. ಕಾಲು ಮಾತ್ರ ಅಲ್ಲಾಡಲಿಲ್ಲ. ಗಂಗಕ್ಕ ಬಾಗಿಲು ತೆಗೆದು ಕೂರಲು ಹೊರಟಿದ್ದವರು ಮತ್ತೆ ಮುಚ್ಚಿದರು.

"ಆಕಿ ಹೂಂ ಅನ್ನೂತನಾ ನಾ ಹತ್ತೂದಿಲ್ಲ. ಗೋವಿನಜೋಳದ ಮುದುಕ ನಕ್ಕ ಬಿಟ್ಟ. ಖಾನಾಪುರದವರು ನಗೂದಿಲ್ಲ."

ಚಾಚಾ ಯಾರ ಮಾತಿಗೂ ಕಾಯಲಿಲ್ಲ. ಕಾರಿನ ಕೆಳಗೆ ಜ್ಯಾಕ್ ಹಾಕಿ, ಸಾವಕಾರರು ಕೂತಿರುವಂತೆಯೇ ಮೂತಿ ಎತ್ತಿದರು. ಹಾರ ಹಾಕಿಕೊಂಡವರು ಮೆಲ್ಲಗೆ ಹಿಂದಕ್ಕೆ ವಾಲಿದರು. ಜನ ನಕ್ಕರು. ಕೊನೆಗೆ ಸಾವಕಾರರೂ ನಕ್ಕು, ಎಂಜಿನ್ ಆರಿಸಿ, ಹಾರ ತೆಗೆದು ಚಾಚಾನ ಕೊರಳಿಗೆ ಹಾಕಿ ಕೆಳಗಿಳಿದರು. ಡಿಸ್ಕು ಆರುವವರೆಗೆ ಕಾದು ಪ್ಯಾಡು ಬದಲಿಸಿದೆವು. ಖಾನಾಪುರದಲ್ಲಿ ಒಂದು ಎಮ್ಮೆ ನಿಜವಾಗಿಯೂ ಅಡ್ಡ ಬಂತು. ಹಿಂದೆ ಬರುತ್ತಿದ್ದ ನಮ್ಮ ಜೀಪಿನಿಂದ ನಾನು ನೋಡಿದೆ. ಕಾರು ನಿಂತಿತು, ಎಮ್ಮೆ ತನ್ನ ಹೊತ್ತಿಗೆ ದಾಟಿತು.

ಜೀಪಿನಲ್ಲಿ ಚಾಚಾ ನನ್ನ ಪಕ್ಕದಲ್ಲೇ ಕೂತಿದ್ದರು. ಅಳ್ನಾವರ ದಾಟಿದ ಮೇಲೆ ಕೇಳಿದರು: "ಘಟ್ಟದ ಲಾರಿಯೊಳಗೂ ಅದ ಎಣ್ಣಿ ಐತೆಲ್ಲ ಬೇಟಿ. ಬ್ಯಾಸಗ್ಯಾಗ, ಪೂರಾ ಲೋಡ್ ಇದ್ದಾಗ?"

ಹೌದು ಎಂದು ತಲೆಯಾಡಿಸಿದೆ. ಹಳಿಯಾಳ ಮುಟ್ಟಿದ ಕೂಡಲೇ ಅವರೇ ಸಾವಕಾರರ ಹತ್ತಿರ ಹೋಗಿ ಹೇಳಿದರು. ಸಾವಕಾರರು ಕಾರಿನಿಂದ ಒಂದು ರಟ್ಟಿನ ಪೆಟ್ಟಿಗೆ ತರಿಸಿದರು. ಬೆಳಗಾವಿಯಲ್ಲಿ ಪಂದ್ಯಕ್ಕೆ ಮುಂಚೆ ಅಂಗಡಿಯವನ ಮನೆಯ ಬಾಗಿಲು ತಟ್ಟಿಸಿ ಕೊಂಡಿದ್ದ ಹನ್ನೆರಡು ಡಬ್ಬಿ ಬ್ರೇಕ್ ಆಯಿಲ್ ಅದರಲ್ಲಿತ್ತು. "ನಾನೂ ಲೋಟ ನೋಡೇನಿ," ಎಂದರು ಅಷ್ಟೆ.

ಮರುದಿನ ಬೆಳಗ್ಗೆ ಏಳಕ್ಕೆ ಗ್ಯಾರೇಜಿಗೆ ಹೋದಾಗ ಚಾಚಾ ನನಗಿಂತ ಮೊದಲೇ ಬಂದಿದ್ದರು. ಸುಪಾ ಕಡೆಗೆ ಹೊರಡಬೇಕಿದ್ದ ಮೊದಲ ಲಾರಿಯ ಚಕ್ರಕ್ಕೆ ಕಲ್ಲು ಕೊಟ್ಟು ಅದರ ಕೆಳಗೆ ಮಲಗಿದ್ದರು. ಚಾಲಕರು ಇನ್ನೂ ಯಾರೂ ಬಂದಿರಲಿಲ್ಲ. ಎಣ್ಣೆ ಹೊರಹಾಯಿಸಲು ಮೇಲೆ ಪೆಡಲು ತುಳಿಯಲು ಒಬ್ಬರು ಬೇಕು. ವಹಿಯನ್ನು ಮೇಜಿನ ಮೇಲಿಟ್ಟೆ. ಸೆರಗು ಬಿಗಿದು ಕಟ್ಟಿ, ಚಪ್ಪಲಿ ಬಿಟ್ಟು, ಕ್ಯಾಬಿನ್ನಿಗೆ ಹತ್ತಿ ಕೂತು ಬಲಗಾಲನ್ನು ಪೆಡಲಿನ ಮೇಲಿಟ್ಟೆ. ಕೆಳಗೆ ಬೋಲ್ಟಿಗೆ ಪಾನಾ ಹಾಕಿದ ಸದ್ದಾಯಿತು.

"ಯಾರದು ಮ್ಯಾಲೆ?"

"ನಾನು, ಚಾಚಾ."

ಪಾನಾ ಅರ್ಧ ಸುತ್ತು ತಿರುಗಿತು.

"ಒತ್ತು, ಬೇಟಿ."

ಒತ್ತಿದೆ.